ಶುಂಠಿ ಮೂಟೆಗಳ ಮೇಲೆ ಬಂದ ಸಂಸಾರ

ಶುಂಠಿಯ ವಾಸನೆ ಬಂದರೆ ಬೇರೆಯವರಿಗೆ ಟೀ ನೆನಪಾಗುತ್ತದೆ, ಇಲ್ಲವೇ ನೆಗಡಿ ಕೆಮ್ಮು. ನನಗೆ ನಾಚಿಕೆಯಾಗುತ್ತದೆ. ಹೇಳಿದರೆ ನಗುತ್ತಾರೆಂದು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅಡುಗೆಮನೆಯಲ್ಲಿ ಜಜ್ಜಿದ ಒಂದು ತುಂಡು ಶುಂಠಿಯಿಂದ ಏನೂ ಆಗುವುದಿಲ್ಲ. ಮಣ್ಣು ಮೆತ್ತಿಕೊಂಡ, ಮಳೆಯಲ್ಲಿ ನೆನೆದ, ಚೀಲಗಟ್ಟಲೆ ತುಂಬಿದ ಹಳೆ ಶುಂಠಿಯ ವಾಸನೆ ಬಂದರೆ ಮಾತ್ರ ನನ್ನ ಕಿವಿ ಬಿಸಿಯಾಗುತ್ತದೆ, ಕೈ ತಾನಾಗಿ ಸೆರಗನ್ನು ಎಳೆದುಕೊಳ್ಳುತ್ತದೆ.

ಕಳೆದ ತಿಂಗಳು ಹಾಗೆಯೇ ಆಯಿತು. ನಮ್ಮನೆಯವರ ಚಿಕ್ಕಪ್ಪನ ಮಗ ಬಸವರಾಜು ರುದ್ರಪಟ್ಟಣದ ಹತ್ತಿರದ ತನ್ನ ಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿ, ಆಷಾಢ ಹುಟ್ಟುವುದರೊಳಗೆ ಗೃಹಪ್ರವೇಶ ಮುಗಿಸಬೇಕೆಂದು ಅವಸರದಲ್ಲಿ ಕರೆದಿದ್ದ. ಹೋಗಿ ಊಟ ಮಾಡಿ, ಅರಕಲಗೂಡಿಗೆ ಬಂದು ಹಾಸನದ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಬಿಟ್ಟಿಯಾದ್ದರಿಂದ ನನಗೆ ಟಿಕೆಟ್ಟಿನ ದುಡ್ಡಿಲ್ಲ, ಇವರಿಗೆ ಉಂಟು; ಆ ಒಂದು ವಿಷಯಕ್ಕೆ ಇವರು ಪ್ರತಿ ಸಲವೂ ಕಂಡಕ್ಟರನ ಎದುರಿಗೆ ನನ್ನನ್ನು ರೇಗಿಸುತ್ತಾರೆ. ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು, ಬಸ್ಸು ನಿಂತಿತು. ರಸ್ತೆ ಪಕ್ಕದಲ್ಲಿ ಶುಂಠಿ ತೊಳೆಯುವ ಜಾಗ. ಮೂಟೆ ಹೇರಿದ ಟೆಂಪೊ ಒಂದು ರಸ್ತೆಗೆ ಅಡ್ಡಲಾಗಿ ಹಿಂದೆ ಹಿಂದೆ ಹೋಗುತ್ತಿತ್ತು. ಪೈಪಿನ ನೀರಿಗೆ ಮಣ್ಣು ಬಿಡುತ್ತಿದ್ದ ಶುಂಠಿಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ರೇಗಿಸುತ್ತಿದ್ದವರು “ಹಳೆ ಶುಂಠಿ,” ಎಂದಷ್ಟೇ ಹೇಳಿ ಆಚೆ ತಿರುಗಿಕೊಂಡರು. ನನಗೆ ನೆನಪಾದ ದಿನವೇ ಅವರಿಗೂ ನೆನಪಾಯಿತೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ನಾವು ಅರಕಲಗೂಡು ಬಿಟ್ಟು ಹಾಸನಕ್ಕೆ ಬಂದ ಆಷಾಢದ ಮಾತು ಇದು.

ಅರಕಲಗೂಡಿನ ಪೇಟೆ ಬೀದಿಯಲ್ಲಿ ನಮ್ಮ ಮಾವನವರ ಕಾಲದಿಂದ ಪಾತ್ರೆ ಅಂಗಡಿ ಇತ್ತು. ಬಾಗಿಲ ಮೇಲೆ ಉದ್ದನೆಯ ಮರದ ಬೋರ್ಡು. ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರದಲ್ಲಿ ‘ಚನ್ನಬಸಪ್ಪ ಅಂಡ್ ಸನ್, ಪಾತ್ರೆ ವ್ಯಾಪಾರಿಗಳು’ ಎಂದು ಬರೆದಿತ್ತು. ಮಾವನವರಿಗೆ ಇದ್ದದ್ದು ಒಬ್ಬನೇ ಮಗ, ಆ ‘ಸನ್’ ನಮ್ಮನೆಯವರು, ಮಹದೇವಪ್ಪ. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣಿಗೆ ಕೊಡುವ ಪಾತ್ರೆ ನಮ್ಮಲ್ಲಿಂದಲೇ ಹೋಗಬೇಕಿತ್ತು. ನಾನು ಹೊಳೆನರಸೀಪುರದಿಂದ ಸೊಸೆಯಾಗಿ ಬಂದಾಗ ಪೇಟೆ ಬೀದಿಯಲ್ಲಿ ನಡೆದರೆ ‘ಪಾತ್ರೆ ಅಂಗಡಿಯವರ ಸೊಸೆ’ ಎನ್ನುತ್ತಿದ್ದರು. ನನಗೆ ಅದು ಬಹಳ ಇಷ್ಟವಾಗಿತ್ತು. ಜಂಬದ ಹೆಂಗಸು ನಾನು, ಈಗ ಮುಚ್ಚಿಡುವುದೇನಿದೆ.

ಆಮೇಲೆ ಜನ ಬಸ್ಸು ಹತ್ತಿ ಹಾಸನದ ದೊಡ್ಡ ದೊಡ್ಡ ಅಂಗಡಿಗಳಿಗೆ ಹೋಗತೊಡಗಿದರು. ಇನ್ನು ಕೆಲವರು ಫೋನಿನಲ್ಲೇ ಕುಕ್ಕರ್ ತರಿಸಿಕೊಂಡರು. ನಮ್ಮ ಅಂಗಡಿಗೆ ಬರುತ್ತಿದ್ದವರು ಕೊನೆಕೊನೆಗೆ ಗ್ಯಾಸ್ಕೆಟ್ ಕೇಳುವವರು, ಸೀಟಿ ಕೇಳುವವರು, ವಿಳಾಸ ಕೇಳುವವರು. ಆ ವರ್ಷ ಯುಗಾದಿ ಕಳೆದ ಮೇಲೆ ಅಂಗಡಿ ಮುಚ್ಚಿದೆವು. ಇವರಿಗೆ ಹಾಸನದ ಒಂದು ದೊಡ್ಡ ಪಾತ್ರೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಕೌಂಟರಿನ ಹಿಂದೆ ನಿಂತು ಗಿರಾಕಿಗಳಿಗೆ ಸಾಮಾನು ತೋರಿಸುವ ಕೆಲಸ, ತಿಂಗಳ ಸಂಬಳ. ಮಗಳು ಸಹನಾ ಹತ್ತನೇ ಕ್ಲಾಸು ಪಾಸಾಗಿ ಹಾಸನದಲ್ಲೇ ಕಾಲೇಜಿಗೆ ಸೇರಿದ್ದಳು. ಇವರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಪಾತ್ರೆ ಅವೇ ತಾನೇ, ಹಿಡಿದು ತೋರಿಸುವುದೂ ಅದೇ ತಾನೇ, ಎಂದರು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಮಾಲೀಕರಾಗಿ ಗಲ್ಲಾದ ಮುಂದೆ ಕೂತಿದ್ದವರು ಇನ್ನೊಬ್ಬರ ಅಂಗಡಿಯಲ್ಲಿ ನಿಂತು ಸಂಬಳ ತಗೊಳ್ಳುತ್ತಾರೆಂಬುದು ಹೊಸ ಊರಿನಲ್ಲಾದರೂ ಯಾರಿಗೂ ತಿಳಿಯದಿದ್ದರೆ ಸಾಕೆಂದು ಹಾರೈಸಿದೆ.

ಮನೆ ಹುಡುಕಲು ಹೋದಾಗಲೇ ಆ ಹಾರೈಕೆಗೆ ಕೆಲಸ ಬಿತ್ತು. ಅರಕಲಗೂಡು ರಸ್ತೆಯ ಪಕ್ಕದ ಬಡಾವಣೆಯಲ್ಲಿ ಒಂದು ಕೆಳಮನೆ ಖಾಲಿ ಇತ್ತು. ಮೇಲೆ ಮಾಲೀಕರು, ಚನ್ನರಾಯಪಟ್ಟಣದ ಕಡೆಯ ಗೌಡರು. ಯಜಮಾನರು ರಿಟೈರಾದ ಮೇಷ್ಟ್ರು. ಆದರೆ ಮನೆಯ ಮಾತೆಲ್ಲ ಅವರ ಹೆಂಡತಿ ಜಯಮ್ಮನದು. ಬಾಡಿಗೆ ನಮ್ಮ ಕೈಗೆಟುಕುವಂತಿತ್ತು, ಕಾಲೇಜು ಹತ್ತಿರ, ನಲ್ಲಿಯಲ್ಲಿ ನೀರು ಬರುತ್ತಿತ್ತು. ಜಯಮ್ಮ ಕೂತ ತಕ್ಷಣ ಹಿಂದೆ ಇದ್ದವನ ಕತೆ ಹೇಳಿದರು.

“ಮೊದ್ಲಿದ್ದೋನು ಯಾವ್ದೋ ಅಂಗ್ಡೀಲಿ ಸಂಬ್ಳಕ್ಕಿದ್ದ ಕಣಮ್ಮ. ಕೆಲ್ಸದಿಂದ ತೆಗುದ್ರು, ಏಳ್ದೆ ಕೇಳ್ದೆ ರಾತ್ರೋರಾತ್ರಿ ಓಡೋದ. ಇನ್ಮ್ಯಾಕೆ ಅಂಗ್ಡಿ ಕೆಲ್ಸದೋರಿಗೆ ಮನೆ ಕೊಡಲ್ಲ ಅಂತ ನಮ್ಮೇಷ್ಟ್ರಿಗೆ ಏಳ್ಬುಟ್ಟಿವ್ನಿ. ನಿಮ್ದೇನು ಕೆಲ್ಸ?”

ಪಾತ್ರೆ ವ್ಯಾಪಾರ, ಅರಕಲಗೂಡಿನಲ್ಲಿ ತಂದೆಯವರ ಕಾಲದಿಂದ ಅಂಗಡಿ, ಎಂದು ಇವರು ಶುರು ಮಾಡಿದರು. ಮುಂದಿನದನ್ನೂ ಹೇಳಿಬಿಡುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ನೀರು ದಿನಾ ಬರುತ್ತದಾ, ದಿನ ಬಿಟ್ಟು ದಿನ ಬರುತ್ತದಾ ಎಂದು ಕೇಳಿದೆ. ಮಾತು ನೀರಿನ ಕಡೆ ಹರಿಯಿತು. ಅಂಗಡಿಯವರೆಂದು ಜಯಮ್ಮನ ಮುಖ ಅರಳಿತ್ತು, ಅಡ್ವಾನ್ಸಿನಲ್ಲೂ ತಾವಾಗಿಯೇ ಸ್ವಲ್ಪ ಇಳಿಸಿದರು. ಮೆಟ್ಟಿಲು ಇಳಿಯುವಾಗ ಇವರು ನನ್ನ ಮುಖ ನೋಡಿದರು.

ಒಂದೇ ತೊಡಕೆಂದರೆ ಆಷಾಢ. ಆ ತಿಂಗಳಲ್ಲಿ ನಮ್ಮ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ. ಯಾರೂ ಬದಲಾಯಿಸುವುದಿಲ್ಲವೆಂದೇ ಆಗ ಗಾಡಿಗಳು ಖಾಲಿ ಬಿದ್ದಿರುತ್ತವೆ, ಕೇಳಿದ ಬಾಡಿಗೆಗೆ ಬರುತ್ತವೆ. ಕೈಯಲ್ಲಿ ಕಾಸಿಲ್ಲದ ನಮಗೆ ಆಷಾಢವೇ ಸರಿಯಾದ ಕಾಲ, ಕೆಲಸವೂ ಆಗಲೇ ಶುರು. ಇದಕ್ಕೆ ದಾರಿ ಹೇಳಿದವರು ಜಯಮ್ಮನೇ. “ಆಷಾಡಕ್ಕೆ ಮುಂಚೆ ಒಂದೊಳ್ಳೆ ದಿವ್ಸ ಬಂದು ಆಲು ಉಕ್ಕಸ್ಬುಡಿ. ಆಲು ಉಕ್ತು ಅಂದ್ರೆ ಮನೆ ನಿಮ್ದಾದಂಗೆ. ಆಮ್ಯಾಕೆ ಸಾಮಾನು ಯಾವಾಗ ತಂದ್ರೂ ನಡೀತದೆ,” ಎಂದರು.

ಹಾಗೇ ಮಾಡಿದೆವು. ಆಷಾಢ ಹುಟ್ಟುವ ಮೊದಲು ಒಂದು ಬೆಳಿಗ್ಗೆ ಮೂವರೂ ಬಸ್ಸಿನಲ್ಲಿ ಬಂದು, ಖಾಲಿ ಅಡುಗೆಮನೆಯಲ್ಲಿ ದೀಪ ಹಚ್ಚಿ, ಉಪ್ಪು, ಅಕ್ಕಿ, ಒಂದು ಬಿಂದಿಗೆ ನೀರು ಇಟ್ಟು, ಅಂಗಡಿಯಲ್ಲಿ ಉಳಿದಿದ್ದ ಹೊಸ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಕಾಯಿಸಿದೆವು. ಹಾಲು ಪೂರ್ವಕ್ಕೆ ಉಕ್ಕಿತು. ಜಯಮ್ಮ ಸಡಗರದಿಂದ ನನಗೆ ಕುಂಕುಮ ಕೊಟ್ಟು, ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟು ಮಡಿಸಿ, ಸಾಮಾನು ಬರುವವರೆಗೆ ತಮ್ಮ ಹತ್ತಿರವೇ ಇರಲೆಂದು ವಾಪಸು ಈಸಿಕೊಂಡರು. ನನಗೆ ಅಂಗಡಿ ಗಿರಿಜಮ್ಮ ಎಂದು ಅವತ್ತೇ ಹೆಸರಿಟ್ಟರು. ಮನಸ್ಸು ಹಗುರವಾಗಿ ಊರಿಗೆ ಬಂದೆ.

ಇನ್ನು ಸಾಗಿಸುವ ಯೋಜನೆ. ಅದು ಪೂರ್ತಿ ನನ್ನ ತಲೆಯಿಂದ ಬಂದದ್ದು, ಅದಕ್ಕೇ ಯಾರನ್ನೂ ಬಯ್ಯುವಂತಿಲ್ಲ. ಬಸವರಾಜು ಆ ವರ್ಷ ಶುಂಠಿಯನ್ನು ಕೀಳದೆ ನೆಲದಲ್ಲೇ ಬಿಟ್ಟಿದ್ದ. ಹಾಗೆ ಉಳಿಸಿ ಮಳೆಗಾಲದಲ್ಲಿ ಕಿತ್ತರೆ ಹಳೆ ಶುಂಠಿಗೆ ಒಳ್ಳೆ ಬೆಲೆ. ಅವನ ಟೆಂಪೊ ಶುಂಠಿ ತುಂಬಿಕೊಂಡು ಹೇಗೂ ಹಾಸನಕ್ಕೆ ಹೋಗುತ್ತದೆ, ಅರಕಲಗೂಡಿನ ಮೇಲೆಯೇ ಹೋಗುತ್ತದೆ, ಮೂಟೆಗಳ ಮೇಲೆ ಎಷ್ಟೊಂದು ಜಾಗ! ಗಾಡಿ ಬಾಡಿಗೆಯೇ ಇಲ್ಲದೆ ಮನೆ ಸಾಗಿಸುವ ನನ್ನ ಜಾಣತನಕ್ಕೆ ನಾನೇ ಬೀಗಿದೆ. ಬಸವರಾಜು ಒಳ್ಳೆಯವನು. ಅತ್ತಿಗೆ ಬಾಯಿಬಿಟ್ಟು ಕೇಳಿದ ಮೇಲೆ ಆಗಲ್ಲ ಅನ್ನುತ್ತಾನೆಯೇ.

ರಟ್ಟಿನ ಪೆಟ್ಟಿಗೆಗೂ ಕಾಸು ಖರ್ಚು ಮಾಡಲಿಲ್ಲ. ಪಾತ್ರೆ ವ್ಯಾಪಾರಿಯ ಮನೆಯಲ್ಲಿ ಪೆಟ್ಟಿಗೆ ಯಾಕೆ? ಮಾರಾಟವಾಗದೆ ಉಳಿದ ದೊಡ್ಡ ದೊಡ್ಡ ಪಾತ್ರೆಗಳಿದ್ದವು, ಹೊಳೆನರಸೀಪುರದ ತವರಿನಿಂದ ತಂದ ತಾಮ್ರದ ಹಂಡೆ ಇತ್ತು. ಬೇಳೆ ಅಕ್ಕಿಯೆಲ್ಲ ಕುಕ್ಕರುಗಳಿಗೆ ಹೋಯಿತು. ಮಗಳ ಪುಸ್ತಕ ಇಡ್ಲಿ ಪಾತ್ರೆಗೆ, ನನ್ನ ರವಿಕೆ ಲಂಗಗಳು ಮುಚ್ಚಳವಿರುವ ಸ್ಟೀಲ್ ಕೊಳಗಕ್ಕೆ. ಪಾತ್ರೆ ಪಾತ್ರೆಗೆ ತಾಗಿ ಸೊಟ್ಟಗಾಗದಂತೆ ನಡುವೆ ಕಂಬಳಿ ತುರುಕಿದೆವು. ನೋಡಲು ಚೆಂದವಾಗಿಯೇ ಇತ್ತು.

ಜಗಳವಾದದ್ದು ಬೋರ್ಡಿಗೆ ಮಾತ್ರ. ನಾನು ಅದನ್ನು ಅಲ್ಲೇ ಬಿಟ್ಟುಬಿಡೋಣ ಎಂದೆ. ಇವರು ಏಣಿ ಹಾಕಿ ತಾವೇ ಇಳಿಸಿ, ಒರೆಸಿ, ಗೋಡೆಗೆ ಒರಗಿಸಿದ್ದರು. ಮುಚ್ಚಿದ ಅಂಗಡಿಯ ಬೋರ್ಡು ಹೊಸ ಮನೆಯಲ್ಲಿ ಏನು ಮಾಡಲು, ನೋಡಿದವರು ಏನೆಂದುಕೊಂಡಾರು ಎಂದು ಕೂಗಾಡಿದೆ. ನಮ್ಮ ಮಂಚದ ನಡುವಿನ ಹಲಗೆಗೆ ಗೆದ್ದಲು ಹಿಡಿದಿತ್ತು. “ಗಟ್ಟಿ ಮರ ಕಣೆ. ಮಂಚಕ್ಕೆ ಹಲಗೆ ಆಗುತ್ತೆ, ಹೊಸದು ತರೋ ಖರ್ಚು ಉಳೀತು,” ಎಂದರು. ಖರ್ಚಿನ ಮಾತು ಬಂದ ಮೇಲೆ ನನ್ನ ಬಾಯಿ ಕಟ್ಟಿತು.

ಟೆಂಪೊ ಬೆಳಕು ಹರಿಯುವಷ್ಟರಲ್ಲಿ ಬರಬೇಕಿತ್ತು. ಪೇಟೆಯವರು ಬಾಗಿಲು ತೆಗೆಯುವ ಮೊದಲೇ ಊರು ಬಿಡಬೇಕೆಂದು ನಾನೇ ಹಾಗೆ ಹೇಳಿದ್ದೆ. ಮಳೆ ಬಂದು ಶುಂಠಿ ಕೀಳುವುದು ತಡವಾಯಿತು, ಟೆಂಪೊ ಬಂದಾಗ ಪೇಟೆ ಬೀದಿ ತುಂಬಿತ್ತು. ನಮ್ಮ ಹಾಸಿಗೆ, ಅಂಚು ಕಿತ್ತ ಮೊರ, ಬಣ್ಣ ಹೋದ ಕುರ್ಚಿ ಒಂದೊಂದೇ ಎಲ್ಲರ ಕಣ್ಣೆದುರಿಗೆ ಮಣ್ಣಿನ ಮೂಟೆಗಳ ಮೇಲೇರಿದವು. ಹೋಗಿಬನ್ನಿ ಎಂದವರೇ ಎಲ್ಲ, ಕೆಟ್ಟ ಮಾತು ಯಾರೂ ಆಡಲಿಲ್ಲ. ಆದರೂ ನಾನು ತಲೆ ಎತ್ತದೆ ಕ್ಯಾಬಿನ್ನಿನೊಳಗೆ ಹತ್ತಿ ಕೂತೆ. ಸಹನಾ ನನ್ನ ಪಕ್ಕ. ಇವರು ಮೇಲೆ ಸಾಮಾನಿನ ನಡುವೆ ಟಾರ್ಪಾಲು ಹಿಡಿದುಕೊಂಡು ಕೂತರು. ದಾರಿಯುದ್ದಕ್ಕೂ ಸೋನೆ ಮಳೆ. ಕ್ಯಾಬಿನ್ನಿನೊಳಗೆ ಆ ಹಸಿ ಶುಂಠಿಯ ವಾಸನೆ ಕಣ್ಣಿಗೆ ನೀರು ಬರುವಂತೆ ತುಂಬಿತ್ತು.

ಹಾಸನ ಇನ್ನೇನು ಬಂತು, ಹೊಸ ಮನೆ ಇನ್ನು ಒಂದೆರಡು ಮೈಲಿ ಅನ್ನುವಾಗ ಬಸವರಾಜು ಗಾಡಿಯನ್ನು ಬದಿಗೆ ತಿರುಗಿಸಿದ. ಲಾರಿಗಳನ್ನು ನಿಲ್ಲಿಸಿ ತೂಕ ಹಾಕುವ ವೇ ಬ್ರಿಡ್ಜ್ ಅದು. ಎದುರಿಗೆ ಶುಂಠಿ ಗಾಡಿಗಳ ಸಾಲು. ಅವನು ಇಳಿದು ಬಂದು ತಲೆ ಕೆರೆದುಕೊಂಡ.

“ಅತ್ತಿಗಮ್ಮ, ಬೇಜಾರ್ ಮಾಡ್ಕಬ್ಯಾಡಿ. ಸಾಮಾನೆಲ್ಲ ಇಲ್ಲೇ ಇಳುಸ್ಬೇಕು. ಶುಂಟಿ ತೂಕ ಆಗ್ಬೇಕಲ್ಲ. ಮನೆ ತಾವುಕ್ಕೋಗಿ ಇಳ್ಸಿ ಬರಾನ ಅಂದ್ರೆ ಒತ್ತಾಗೋಗದೆ. ಶುಂಟಿ ತಕ್ಕಳೋ ಸೇಟು ಕಡೆಯೋರು ಬಾಗ್ಲಾಕ್ಕಂಡ್ರೆ ರಾತ್ರಿಯೆಲ್ಲ ನೆನ್ದು ಕೊಳ್ತೋಯ್ತದೆ. ಒಂದ್ ಗಂಟೇಲಿ ಬಂದ್ಬುಡ್ತೀನಿ.”

ಶುಂಠಿಯನ್ನು ತೂಕ ಹಾಕುತ್ತಾರೆ, ಅದರ ಮೇಲೆ ಕೂತ ನಮ್ಮ ಸಂಸಾರವೂ ಆ ತೂಕಕ್ಕೆ ಸೇರಿಬಿಡುತ್ತದೆ ಎಂಬುದು ನನ್ನ ಜಾಣ ತಲೆಗೆ ಹೊಳೆದಿರಲೇ ಇಲ್ಲ. ನನ್ನದು ಹೋಗಲಿ. ತಟ್ಟೆಯ ತೂಕ ಕಳೆದು ಹಿತ್ತಾಳೆ ತೂಗುತ್ತಲೇ ತಲೆ ನೆರೆದ ಇವರಿಗೂ ಹೊಳೆದಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಪ್ಪಾದೆವು. ಬಸವರಾಜುವಿನ ವರ್ಷದ ದುಡಿಮೆ ಆ ಮೂಟೆಗಳಲ್ಲಿತ್ತು. ಇಳಿಸಪ್ಪ ಎಂದೆವು.

ಹಮಾಲಿಗಳು ಬೇಗ ಬೇಗ ಇಳಿಸಿದರು. ರಸ್ತೆ ಪಕ್ಕದ ಟೀ ಅಂಗಡಿಯ ಮುಂದೆ, ಜಲ್ಲಿ ಹಾಕಿದ ಜಾಗದಲ್ಲಿ, ಮಂಚ ನಿಂತಿತು. ಹಾಸಿಗೆಗೆ ಮಳೆಯ ಎರಚಲು ಬಡಿಯದಿರಲೆಂದು ಅವರಲ್ಲೊಬ್ಬ ಬೋರ್ಡನ್ನು ತಂದು ಮಂಚಕ್ಕೆ ಅಡ್ಡಲಾಗಿ ನಿಲ್ಲಿಸಿದ, ಅಕ್ಷರ ರಸ್ತೆಯ ಕಡೆಗೆ. ಕಾಲಿಗೆ ಸಿಗದಿರಲೆಂದು ಪಾತ್ರೆಗಳನ್ನೆಲ್ಲ ಅದರ ಮುಂದೆ ಸಾಲಾಗಿ ಜೋಡಿಸಿದರು. ಹಂಡೆ, ಕೊಳಗ, ಕುಕ್ಕರು, ಇಡ್ಲಿ ಪಾತ್ರೆ. ಟೆಂಪೊ ಹೊರಟುಹೋಯಿತು. ತಿರುಗಿ ನೋಡುತ್ತೇನೆ, ಅರಕಲಗೂಡಿನ ನಮ್ಮ ಅಂಗಡಿ ಹಾಸನದ ರಸ್ತೆ ಬದಿಯಲ್ಲಿ ತೆರೆದುಕೊಂಡಿದೆ. ಬೋರ್ಡನ್ನು ತಿರುಗಿಸಿ ಇಡಿ ಎಂದು ಇವರಿಗೆ ಹಲ್ಲು ಕಚ್ಚಿ ಹೇಳಿದೆ. ಅಕ್ಷರಕ್ಕೆ ಮಂಚದ ಅಂಚು ತರಚುತ್ತದೆ, ಒಂದು ಗಂಟೆ ತಾನೇ, ಎಂದು ಇವರು ಟೀ ತರಲು ಹೋದರು.

ಮೊದಲು ಬಂದವಳು ಕೈಚೀಲ ಹಿಡಿದಿದ್ದ ಒಬ್ಬ ಹೆಂಗಸು, ಬಸ್ಸಿಗೆ ಕಾಯುತ್ತಿದ್ದವಳು. ಬಂದು ನಿಂತು, ಬೋರ್ಡು ಓದಿ, “ಆಷಾಡದ ಸೇಲೇನವ್ವ? ಎಷ್ಟು ಪರ್ಸೆಂಟು?” ಎಂದಳು. ಮಾರುವುದಲ್ಲ ಎಂದೆ. ಅವಳು ನಂಬಲಿಲ್ಲ. ಅವಳು ನಿಂತದ್ದು ನೋಡಿ ಇನ್ನಿಬ್ಬರು ಬಂದರು, ಬೈಕಿನವನೊಬ್ಬ ನಿಲ್ಲಿಸಿದ. ಒಬ್ಬಾಕೆ ಕುಕ್ಕರಿನ ತಳ ನೋಡಿದಳು. ಇನ್ನೊಬ್ಬಾಕೆ ನೋಡನೋಡುತ್ತಿದ್ದಂತೆ ದೊಡ್ಡ ಕೊಳಗದ ಮುಚ್ಚಳ ತೆಗೆದಳು. ಒಳಗೆ ನನ್ನ ಲಂಗಗಳು, ಮಾಸಿದ ರವಿಕೆಗಳು. “ಬಟ್ಟೇನೂ ಮಡ್ಗವ್ರೆ,” ಎಂದು ಪಕ್ಕದವಳಿಗೆ ಹೇಳಿದಳು. ಎಲ್ಲರೂ ಬಗ್ಗಿ ನೋಡಿದರು. ನಾನು ಅವಳ ಕೈಯಿಂದ ಮುಚ್ಚಳ ಕಿತ್ತುಕೊಂಡು ಮುಚ್ಚಿ, ಅದರ ಮೇಲೆಯೇ ಕೂತುಬಿಟ್ಟೆ. ಸಹನಾ ರಸ್ತೆಗೆ ಬೆನ್ನು ಹಾಕಿ ಮಂಚದ ಹಿಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ನನ್ನ ಮಗಳು ಅಳುತ್ತಿದ್ದಾಳೆಂದು ಗೊತ್ತಿದ್ದರೂ ಎದ್ದು ಹೋಗುವಂತಿರಲಿಲ್ಲ, ಎದ್ದರೆ ಮತ್ತೆ ಯಾರಾದರೂ ಮುಚ್ಚಳ ತೆಗೆಯುತ್ತಾರೆ.

ಬಸವರಾಜುವಿನ ಒಂದು ಗಂಟೆ ಮುಗಿಯಲೇ ಇಲ್ಲ. ಜನ ಬರುತ್ತಲೇ ಇದ್ದರು. ಇವರು ಟೀ ತಂದುಕೊಟ್ಟು, ಬಂದವರಿಗೆಲ್ಲ ಮನೆ ಸಾಮಾನು ತಾಯಿ, ಮಾರುವುದಲ್ಲ ತಾಯಿ ಎಂದು ಕೈ ಮುಗಿಯುತ್ತ ನಿಂತರು. ಅಷ್ಟರಲ್ಲಿ ಒಂದು ಆಟೊ ನಿಂತಿತು. ಇಳಿದವರು ಜಯಮ್ಮ.

ಜೊತೆಯಲ್ಲಿ ಚನ್ನರಾಯಪಟ್ಟಣದಿಂದ ಬಂದಿದ್ದ ಅವರ ತಂಗಿ. ಇಬ್ಬರೂ ಹಂಡೆಯ ಮೇಲೆ ಕಣ್ಣಿಟ್ಟೇ ಬಂದರು, ಸೇಲೆಂದುಕೊಂಡೇ ಇಳಿದಿದ್ದರು. ಹತ್ತಿರ ಬಂದು ಕೊಳಗದ ಮೇಲೆ ಕೂತ ನನ್ನನ್ನು ನೋಡಿ ಜಯಮ್ಮ ನಿಂತರು. ಬೋರ್ಡು ಓದಿದರು. ಮತ್ತೆ ನನ್ನನ್ನು ನೋಡಿದರು.

“ಇದೇನು ಗಿರಿಜಮ್ಮ, ಬೀದೀಲಿ ಅಂಗ್ಡಿ ಮಡಗಿದ್ದೀರಿ?”

ಏನಾದರೂ ಸುಳ್ಳು ಹೊಳೆಯಲಿ ಎಂದು ಒದ್ದಾಡಿದೆ. ಹೊಸ ಅಂಗಡಿಗೆ ಸಾಮಾನು ಸಾಗಿಸುತ್ತಿದ್ದೇವೆ ಅನ್ನಲೇ? ಇನ್ನೇನು ಅಂದೇಬಿಡುತ್ತಿದ್ದೆ, ಅಷ್ಟರಲ್ಲಿ ಇವರು ಮುಂದೆ ಬಂದರು. ಟಾರ್ಪಾಲಿನ ಕೆಳಗೆ ಕೂತು ಬಂದ ಪಂಚೆಯ ತುಂಬ ಶುಂಠಿಯ ಕೆಮ್ಮಣ್ಣು. ಅಂಗಡಿಯಲ್ಲಿ ಗಿರಾಕಿಗೆ ಬೆಲೆ ಹೇಳುತ್ತಿದ್ದ ಅದೇ ದನಿಯಲ್ಲಿ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಹೇಳಿದರು.

“ಅಂಗಡಿ ಅಲ್ಲ ಕಣಮ್ಮ, ನಮ್ಮ ಮನೆ ಸಾಮಾನು. ಅಂಗಡಿ ಮುಚ್ಚಾಯ್ತು. ಸೋಮವಾರದಿಂದ ಇಲ್ಲೇ ಒಬ್ಬರ ಅಂಗಡೀಲಿ ಸಂಬಳಕ್ಕೆ ಹೋಗ್ತೀನಿ. ಅವತ್ತೇ ನಿಮಗೆ ಹೇಳ್ಬೇಕಿತ್ತು. ಹೇಳ್ದೆ ಇದ್ದದ್ದು ನನ್ನ ತಪ್ಪು.”

ನನ್ನ ತಪ್ಪು ಎಂದರು. ಸುತ್ತ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ತಿಂಗಳುಗಟ್ಟಲೆ ನಾನು ಸೆರಗಿನಲ್ಲಿ ಕಟ್ಟಿ ಕಾದಿದ್ದನ್ನು ಇವರು ರಸ್ತೆಯಲ್ಲಿ ನಿಂತು ಬಿಚ್ಚಿಟ್ಟುಬಿಟ್ಟರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಗಳಿಗೆಯಲ್ಲಿ ಇವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಜಯಮ್ಮನ ತಂಗಿಗೆ ಇದ್ಯಾವುದೂ ತಲೆಗೆ ಹೋಗದೆ ಹಂಡೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದಳು. ಜಯಮ್ಮ ಅವಳ ತೋಳು ಹಿಡಿದು ಆಟೊ ಕಡೆ ನಡೆದರು. ಮನೆ ತಾವು ಬನ್ನಿ, ಅಲ್ಲಿ ಮಾತಾಡುವ, ಎಂದಷ್ಟೇ ಹೇಳಿ ಹೋದರು.

ಆಮೇಲೆ ಮಳೆ ಜೋರಾಯಿತು, ಸೇಲಿನ ಜನ ಚದುರಿದರು. ಹಾಸಿಗೆಯ ಮೇಲೆ ಟಾರ್ಪಾಲು ಹೊದಿಸಿ ಮೂವರೂ ಟೀ ಅಂಗಡಿಯ ಶೀಟಿನ ಕೆಳಗೆ ನಿಂತೆವು. ಮನೆ ಇಲ್ಲ ಎಂದರೆ ಈ ಸಾಮಾನನ್ನು ಎಲ್ಲಿಗೆ ಒಯ್ಯುವುದು? ಅರಕಲಗೂಡಿನ ಮನೆಗೆ ಆಗಲೇ ಬೇರೆಯವರು ಬರುವವರಿದ್ದರು. ತವರಿಗೆ ಹೋಗಿ ಅಣ್ಣನ ಬಾಗಿಲಲ್ಲಿ ನಿಲ್ಲಬೇಕೇ? ನಾನು ಇವರ ಕಡೆ ತಿರುಗಿಯೂ ನೋಡಲಿಲ್ಲ. ಇವರು ಬೋರ್ಡಿನ ಮೇಲೆ ಬಿದ್ದ ಕೆಸರನ್ನು ತಮ್ಮ ಟವೆಲಿನಲ್ಲಿ ಒರೆಸಿ ಬಂದರು.

ಸಂಜೆಯಾದ ಮೇಲೆ ಬಸವರಾಜು ಖಾಲಿ ಗಾಡಿ ತಂದ. ತಡವಾದದ್ದಕ್ಕೆ ನೂರು ಸಲ ತಪ್ಪಾಯಿತೆಂದ. ಗೇಟಿನ ಹತ್ತಿರ ಹೋದಾಗ ಜಯಮ್ಮ ಬೀಗದಕೈ ಹಿಡಿದು ನಿಂತಿದ್ದರು. ಹಿಂದೆ ಮೇಷ್ಟ್ರು ಛತ್ರಿ ಹಿಡಿದುಕೊಂಡು ನೆಲ ನೋಡುತ್ತಿದ್ದರು.

“ನೋಡಿ ಗಿರಿಜಮ್ಮ, ನಿಜ ಏಳ್ತೀನಿ. ಅವತ್ತೇ ಗೊತ್ತಾಗಿದ್ರೆ ನಾನು ಮನೆ ಕೊಡ್ತಿರ್ನಿಲ್ಲ. ಈಗ ಆಲು ಉಕ್ಕಸ್ಬುಟ್ಟಿದ್ದೀರಿ. ಆಲು ಉಕ್ಕಸ್ದೋರ್ನ ಬ್ಯಾಡ ಅಂತ ವಾಪಸ್ ಕಳ್ಸುದ್ರೆ ನಮ್ಮನೇಗೂ ಒಳ್ಳೇದಲ್ಲ. ಬನ್ನಿ ಒಳೀಕೆ.”

ಬೀಗದಕೈಯನ್ನು ಗೇಟಿನ ಕಂಬದ ಮೇಲಿಟ್ಟರು. ಅವತ್ತು ಅಂಗೈಯಲ್ಲಿಟ್ಟು ಮಡಿಸಿದ್ದ ಬೀಗದಕೈ ಅದು. ನಾನು ಕಂಬದ ಮೇಲಿಂದ ತೆಗೆದುಕೊಂಡೆ. ನಮಗೆ ಆ ಮನೆ ಸಿಕ್ಕಿದ್ದು ನಮ್ಮ ಮೇಲಿನ ಮರ್ಯಾದೆಗಲ್ಲ, ಉಕ್ಕಿದ ಹಾಲಿನ ಮರ್ಯಾದೆಗೆ. ಅವರು ನೇರವಾಗಿ ಹೇಳಿದರೆಂದು ಬೇಸರವಿಲ್ಲ, ಅದು ಅವರ ದೊಡ್ಡತನವೇ. ಆದರೆ ಆ ಮನೆಯ ಹೊಸ್ತಿಲನ್ನು ನಾನು ತಲೆ ತಗ್ಗಿಸಿಕೊಂಡೇ ದಾಟಿದೆ. ಆಮೇಲೆ ಎಷ್ಟೋ ದಿನ ಮೆಟ್ಟಿಲ ಮೇಲೆ ಅವರ ಕಾಲಸಪ್ಪಳ ಕೇಳಿದರೆ ಒಳಗೆ ಹೋಗಿ ನಿಲ್ಲುತ್ತಿದ್ದೆ. ಅಂಗಡಿ ಗಿರಿಜಮ್ಮ ಎಂಬ ಹೆಸರು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಮಂಚ ಜೋಡಿಸುವಾಗ ಇವರು ಬೋರ್ಡನ್ನು ನಡುವೆ ಇಡಲು ಬಂದರು, ಅಕ್ಷರ ಮೇಲೆ ಮಾಡಿ. ಬೋರಲಾಗಿ ಇಡಿ, ಅಕ್ಷರ ಕೆಳಗಿರಲಿ, ಹಾಸಿಗೆ ಎತ್ತಿದಾಗಲೆಲ್ಲ ನನ್ನ ಕಣ್ಣಿಗೆ ಬೀಳುವುದು ಬೇಡ ಎಂದೆ. ಅವತ್ತು ಅವರೊಡನೆ ನಾನು ಆಡಿದ ಮಾತು ಅದೊಂದೇ ಇರಬೇಕು. ಇವರು ಆಯ್ತು ಎಂದು ಮಗುಚಿ ಹಾಕಿದರು.

ಹಾಸಿಗೆ, ದಿಂಬು, ಕೊಳಗದಲ್ಲಿದ್ದ ಬಟ್ಟೆ, ಎಲ್ಲಕ್ಕೂ ಶುಂಠಿಯ ವಾಸನೆ ಹತ್ತಿತ್ತು. ಆಷಾಢದಲ್ಲಿ ಬಿಸಿಲೆಲ್ಲಿ ಬರಬೇಕು? ಶ್ರಾವಣ ಬರುವವರೆಗೂ ಆ ವಾಸನೆಯಲ್ಲೇ ಮಲಗಿ ಎದ್ದೆವು. ಸಹನಾಳನ್ನು ಕಾಲೇಜಿನಲ್ಲಿ ಯಾರೋ ನಿಮ್ಮದು ಶುಂಠಿ ಮಂಡಿಯಾ ಎಂದು ಕೇಳಿದರಂತೆ. ಹೌದು ಅಂದೆ ಎಂದು ಬಂದು ಹೇಳಿದಳು. ನನ್ನ ಮಗಳೇ ಸರಿ.

ಕಾಲ ಕಳೆಯಿತು. ಇವರು ಒಂದು ದಿನವೂ ತಪ್ಪದೆ ಕೆಲಸಕ್ಕೆ ಹೋದರು, ಒಂದು ತಿಂಗಳೂ ತಪ್ಪದೆ ಮೇಲೆ ಹೋಗಿ ಬಾಡಿಗೆ ಕೊಟ್ಟು ಬಂದರು. ಜಯಮ್ಮ ಎಂದೋ ಎಲ್ಲವನ್ನೂ ಮರೆತರು. ಹೋದ ವರ್ಷ ಮೊಮ್ಮಗಳ ಮದುವೆಗೆ ಪಾತ್ರೆ ಆರಿಸಲು, ನಮಗೇನು ತಿಳೀತದೆ, ನೀವೇ ಬನ್ನಿ ಎಂದು ಇವರನ್ನೇ ಕರೆದುಕೊಂಡು ಹೋದರು. ಮರೆಯದವಳು ನಾನು. ಇವರು ಕೆಲಸ ಮಾಡುವ ಅಂಗಡಿಯ ಬೀದಿಯಲ್ಲಿ ನಾನು ನಡೆಯುವುದಿಲ್ಲ, ಸುತ್ತು ಹಾಕಿ ಬರುತ್ತೇನೆ. ಒಮ್ಮೆ ಹೊಳೆನರಸೀಪುರದಿಂದ ಅತ್ತಿಗೆ ಪಾತ್ರೆ ಕೊಳ್ಳಲು ಬಂದಾಗ ಬೇರೆ ಅಂಗಡಿಗೆ ಕರೆದೊಯ್ದೆ. ರಾತ್ರಿ ಊಟಕ್ಕೆ ಕೂತಾಗ ಇವರು ಆ ಅಂಗಡಿಯ ಚೀಲ ನೋಡಿದರು. ಒಳಗಿದ್ದ ಡಬ್ಬಿಯನ್ನು ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ, ಮಾಲು ಚೆನ್ನಾಗಿದೆ, ಎಂದು ಅತ್ತಿಗೆಗೆ ಹೇಳಿದರು.

ಕಳೆದ ತಿಂಗಳು ಬಸವರಾಜುವಿನ ಗೃಹಪ್ರವೇಶದಿಂದ ಬಂದ ಸಂಜೆಯೇ ನಡೆದದ್ದು ಹೇಳುತ್ತೇನೆ. ಸಹನಾ ಮದುವೆಯಾಗಿ ಚನ್ನರಾಯಪಟ್ಟಣದಲ್ಲಿದ್ದಾಳೆ, ಮನೆಯಲ್ಲಿ ನಾವಿಬ್ಬರೇ. ಇವರು ಟೀ ಇಡಲು ಅಡುಗೆಮನೆಗೆ ಹೋದರು. ನಾನು ಮಂಚದ ಅಂಚಿಗೆ ಕೂತು ಕಿವಿಯ ಓಲೆ ಬಿಚ್ಚುತ್ತಿದ್ದೆ, ತಿರುಪು ಕೈಜಾರಿ ಮಂಚದ ಕೆಳಗೆ ಉರುಳಿತು. ಅಯ್ಯೋ ತಿರುಪು ಬಿತ್ತು ಎಂದು ಕೂಗಿಕೊಂಡೆ. ಚಿನ್ನದ ತಿರುಪು, ಬಿಡಲಾಗುತ್ತದೆಯೇ. ಫೋನಿನ ಟಾರ್ಚು ಹಾಕಿಕೊಂಡು ನೆಲದ ಮೇಲೆ ಮಲಗಿ ಒಳಗೆ ತೂರಿದೆ. ಗೋಡೆಯ ಹತ್ತಿರ ತಿರುಪು ಸಿಕ್ಕಿತು. ಮಗ್ಗುಲಾಗಲು ಹೋಗಿ ಅಂಗಾತ ಆದಾಗ ಬೆಳಕು ಮೇಲೆ ಬಿತ್ತು.

ದಿನಾ ಗುಡಿಸುವ ಜಾಗ ಅದು, ಆದರೆ ಗುಡಿಸುವವರು ಮೇಲೆ ನೋಡುವುದಿಲ್ಲ. ಎರಡು ಬದಿಯ ಹಲಗೆಗಳಿಗೆ ಜೇಡರ ಬಲೆ ಕಟ್ಟಿತ್ತು, ದೂಳು ಗಂಟುಗಂಟಾಗಿ ಜೋತುಬಿದ್ದಿತ್ತು. ನಡುವಿನ ಹಲಗೆಯ ಮೇಲೆ ಒಂದು ಎಳೆಯೂ ಇಲ್ಲ. ಹಳದಿ ಬಣ್ಣ ಹಾಗೇ ಹೊಳೆಯುತ್ತಿತ್ತು. ‘ಚನ್ನಬಸಪ್ಪ ಅಂಡ್ ಸನ್’ ಎಂಬ ಕೆಂಪು ಅಕ್ಷರಗಳು ಮಾತ್ರ ಒರೆಸಿ ಒರೆಸಿ ಅಲ್ಲಲ್ಲಿ ತೆಳುವಾಗಿದ್ದವು. ಮಂಚದ ಪಟ್ಟಿ ಮತ್ತು ಹಲಗೆಯ ಸಂದಿಯಲ್ಲಿ ಇವರ ಹಳೆ ಬನಿಯನ್ನಿನ ಒಂದು ತುಂಡು, ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿತ್ತು. ಮಂಡಿನೋವಿನ ಮನುಷ್ಯ, ಕುರ್ಚಿಯಿಂದ ಏಳುವಾಗಲೂ ನನ್ನ ಕೈ ಹಿಡಿಯುವವರು. ನಾನು ಮನೆಯಲ್ಲಿಲ್ಲದ ಯಾವ ಹೊತ್ತಿನಲ್ಲಿ ಇಲ್ಲಿ ನೆಲದ ಮೇಲೆ ಮಲಗಿ ಒಳಗೆ ಸರಿಯುತ್ತಿದ್ದರೋ, ಎಷ್ಟು ವರ್ಷದಿಂದಲೋ.

ಅಡುಗೆಮನೆಯಲ್ಲಿ ಶುಂಠಿ ಜಜ್ಜುವ ಸದ್ದು ನಿಂತಿತು.

“ತಿರುಪು ಸಿಕ್ತಾ?” ಎಂದು ಅಲ್ಲಿಂದಲೇ ಕೂಗಿ ಕೇಳಿದರು.

ಸಿಕ್ಕಿತು ಎಂದೆ. ಇನ್ನೇನು ಹೇಳಲೂ ನಾಚಿಕೆಯಾಯಿತು. ಟೀ ಆರುತ್ತದೆ ಬಾ ಎಂದು ಅವರು ಇನ್ನೊಮ್ಮೆ ಕರೆಯುವವರೆಗೂ ಆ ಹೆಸರಿನ ಕೆಳಗೆ ಹಾಗೇ ಮಲಗಿದ್ದೆ.